ಸಾರಮ್ಮನ ಮನೆಯ ಗುರುವಾರಗಳು

ನಮ್ಮ ಸಭೆಯಲ್ಲಿ ಕಾಯಿಲೆಯವರ ಹೆಸರು ಬರೆದುಕೊಡುವ ಕೆಲಸ ಬಹಳ ವರ್ಷ ನನ್ನದಾಗಿತ್ತು. ಶನಿವಾರ ಸಂಜೆ ಗೆರೆಹಾಳೆಯ ಮೇಲೆ ಬರೆದು ಪಾಸ್ಟರ್ ಕೈಗೆ ಕೊಡುತ್ತಿದ್ದೆ. ಭಾನುವಾರ ಆರಾಧನೆಯ ನಡುವೆ ಅವರು ಒಂದೊಂದೇ ಹೆಸರು ಓದುತ್ತಿದ್ದರು, ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತವರು, ಬಿದ್ದು ಸೊಂಟ ಮುರಿದವರು, ಲಕ್ವ ಹೊಡೆದವರು. ಶಿಕಾರಿಪುರದ ನಮ್ಮ ಸಭೆ ಚಿಕ್ಕದು. ನಲವತ್ತು ಮನೆ ಇರಬಹುದು, ಅದರಲ್ಲಿ ನಾಲ್ಕೈದು ಮನೆ ಸೊರಬದ ಕಡೆಯವು. ಪಟ್ಟಿ ಯಾವತ್ತೂ ಉದ್ದವಿರುತ್ತಿರಲಿಲ್ಲ. ಹೆಸರು ಬರೆದು ಸುಮ್ಮನಾಗುವುದು ನನ್ನಿಂದ ಆಗುತ್ತಿರಲಿಲ್ಲ. ವಾರದಲ್ಲಿ ಎರಡು ಮೂರು ದಿನ ಆ ಮನೆಗಳಿಗೆ ಹೋಗುತ್ತಿದ್ದೆ.

ನಾನು ರವಿಕೆ ಹೊಲಿಯುವವಳು, ಹೆಸರು ಸುಗುಣ. ಹಾಡುವುದಕ್ಕೆ ನನಗೆ ಕಂಠವಿಲ್ಲ. ಎದ್ದು ನಿಂತು ನಾಲ್ಕು ಜನರ ಮುಂದೆ ಮಾತಾಡು ಎಂದರೆ ನಾಲಿಗೆ ಒಣಗುತ್ತದೆ. ಮದುವೆಯಾಗಿ ಈ ಸಭೆಗೆ ಬಂದ ಹೊಸದರಲ್ಲಿ, ದೇವರಿಗೆ ನನ್ನಿಂದ ಏನು ಉಪಯೋಗ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ಒಬ್ಬರು ಕೀಬೋರ್ಡ್ ನುಡಿಸುತ್ತಾರೆ, ಒಬ್ಬರು ಲೆಕ್ಕ ಬರೆಯುತ್ತಾರೆ, ಇನ್ನೊಬ್ಬರು ಕ್ರಿಸ್ಮಸ್‌ಗೆ ನಾಟಕ ಮಾಡಿಸುತ್ತಾರೆ. ನನಗೆ ಬರುತ್ತಿದ್ದುದು ಒಂದೇ. ಕಾಯಿಲೆಯವರ ಮಂಚದ ಪಕ್ಕ ಅವಸರವಿಲ್ಲದೆ ಕೂರುವುದು ಬರುತ್ತಿತ್ತು. ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಉಗುರು ಕತ್ತರಿಸುತ್ತಿದ್ದೆ, ಕೈ ಹಿಡಿದು ಸಣ್ಣದೊಂದು ಪ್ರಾರ್ಥನೆ ಮಾಡಿ ಬರುತ್ತಿದ್ದೆ. ಭಾನುವಾರ ಬೆಳಿಗ್ಗೆ ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಹೇಳುತ್ತಿದ್ದೆ. ಇಷ್ಟೇ ನನ್ನ ಸೇವೆ. ಇದನ್ನು ಕಂಡುಕೊಂಡ ಮೇಲೆ ನನಗೆ ನನ್ನ ಬಗ್ಗೆ ಸಣ್ಣದೊಂದು ಹೆಮ್ಮೆಯೂ ಇತ್ತು. ಈಗ ಅದನ್ನು ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಗುರುವಾರ ಸಾರಮ್ಮನ ದಿನ. ಕುಪ್ಪಗಡ್ಡೆಯಿಂದ ಸ್ವಲ್ಪ ಒಳಗೆ ಅವರ ಮನೆ. ನಾನು ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ ಹತ್ತಿ, ಸೊರಬದಲ್ಲಿ ಇನ್ನೊಂದು ಬಸ್ ಹಿಡಿದು, ಕೊನೆಗೆ ಗದ್ದೆಯ ಬದಿಯ ರಸ್ತೆಯಲ್ಲಿ ನಡೆಯುತ್ತಿದ್ದೆ. ಸಾರಮ್ಮನಿಗೆ ಎಪ್ಪತ್ತು ದಾಟಿತ್ತು, ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ. ಗಂಡ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದು ತೀರಿಕೊಂಡಿದ್ದರು. ಮಗಳು ರೂತಮ್ಮ ಗಂಡನನ್ನು ಬಿಟ್ಟು ಬಂದು ತಾಯಿಯ ಜೊತೆಗಿದ್ದಳು, ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಅವಳು ಕೆಲಸಕ್ಕೆ ಹೋದಾಗ ಸಾರಮ್ಮ ಒಬ್ಬರೇ. ಥಂಡಿಯೆಂದು ಕಿಟಕಿ ತೆಗೆಯಲು ಬಿಡುತ್ತಿರಲಿಲ್ಲ. ಆ ಮುಚ್ಚಿದ ಕೋಣೆಯಲ್ಲಿ ನಾನೂ ಅವರೂ ಎರಡು ಮೂರು ಗಂಟೆ ಕೂರುತ್ತಿದ್ದೆವು. ಅವರಿಗೆ ಕಿವಿ ಮಂದ. ಹಾಗಾಗಿ ಮುಖದ ಹತ್ತಿರ ಬಾಗಿ ಮಾತಾಡಬೇಕಿತ್ತು. ಈ ವಿವರವನ್ನು ಆಮೇಲೆ ನಾನು ಸಾವಿರ ಸಲ ನೆನೆದಿದ್ದೇನೆ.

ಕೆಮ್ಮು ಶುರುವಾದಾಗ ಹೊಲಿಗೆಯ ದೂಳು ಅಂದುಕೊಂಡೆ. ಸಂಜೆ ಮೈ ಬಿಸಿಯಾದರೆ ದಣಿವು ಅಂದುಕೊಂಡೆ. ನನ್ನದೇ ರವಿಕೆಗಳನ್ನು ಎರಡು ಸಲ ಒಳಗೆ ಹಿಡಿದು ಹೊಲಿದುಕೊಂಡರೂ ಬುದ್ಧಿ ಬರಲಿಲ್ಲ. ಗಂಡ ಪ್ರಭಾಕರ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಅವರೇ ಒಂದು ದಿನ, "ಇಂಜಿನ್ ಇಷ್ಟು ದಿನ ಹಿಂಗೆ ಶಬ್ದ ಮಾಡಿದ್ರೆ ನಾವು ಬಿಚ್ಚಿ ನೋಡ್ತೀವಿ. ನಡಿ ಆಸ್ಪತ್ರೆಗೆ," ಎಂದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಮುಚ್ಚಳವಿರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಬೇಕು, ಬರೀ ಉಗುಳು ತರಬೇಡಿ ಎಂದು ಎರಡು ಸಲ ಹೇಳಿದರು. ಮರುದಿನ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಪರಿಚಯದವರು ಎದುರಾದರೆ ಏನು ಹೇಳಲಿ ಎಂದು ಯೋಚಿಸುತ್ತಾ ನಡೆದೆ. ಕಾಯಿಲೆಯವರ ಮನೆಗೆ ತಲೆಯೆತ್ತಿ ಹೋಗುತ್ತಿದ್ದವಳು ನನ್ನ ಕಾಯಿಲೆಯನ್ನು ಸೆರಗಿನ ಕೆಳಗೆ ಮುಚ್ಚಿಕೊಂಡಿದ್ದೆ.

ಟಿ.ಬಿ. ಎಂದು ಗೊತ್ತಾಯಿತು. ಅದು ಸಾಮಾನ್ಯ ಮಾತ್ರೆಗೆ ಬಗ್ಗುವ ಜಾತಿಯಲ್ಲ ಎಂದು ನಾಲ್ಕು ದಿನ ಬಿಟ್ಟು ಗೊತ್ತಾಯಿತು. ಶಿವಮೊಗ್ಗಕ್ಕೆ ಕಳಿಸಿದರು.

ಅಲ್ಲಿ ನಾವು ಕಾಯುತ್ತಿದ್ದುದು ಕಟ್ಟಡದ ಹೊರಗೆ, ತಗಡಿನ ಚಪ್ಪರದ ಕೆಳಗೆ. ನಮ್ಮನ್ನು ಒಳಗಿನ ಬೆಂಚುಗಳಲ್ಲಿ ಕೂರಿಸುವಂತಿರಲಿಲ್ಲ. ಹತ್ತು ಹನ್ನೆರಡು ಜನ, ಎಲ್ಲರ ಮುಖಕ್ಕೂ ಮಾಸ್ಕ್. ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತ್ರ ನನ್ನ ಚೀಟಿ ನೋಡಿ, "ನಿಂದೂ ಅದೇ ದೊಡ್ಡ ಕೋರ್ಸಾ?" ಎಂದಳು. ಹೌದೆಂದೆ. "ನಂದು ಎರಡನೇ ಸಲ. ಮೊದಲನೇ ಸಲ ನಡುವೆ ಬಿಟ್‌ಬಿಟ್ಟೆ. ಬಿಡಬ್ಯಾಡ ತಂಗಿ," ಎಂದು ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟಳು. ಆ ತಿಂಗಳಲ್ಲಿ ಮನೆಯ ಹೊರಗಿನವರು ತಮ್ಮ ಕೈಯಿಂದ ನನ್ನ ಕೈಗೆ ಕೊಟ್ಟಿದ್ದು ಅದೊಂದೇ. ಸಿಪ್ಪೆ ಸುಲಿಯುವಾಗ ನನಗೆ ಅಳು ಬಂತು.

ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಹತ್ತಿರದಿಂದ ಒಡನಾಡಿದವರು ಯಾರು ಯಾರು ಎಂದು ಕೇಳಿದಳು. ನಾನು ಹೇಳುತ್ತಾ ಹೋದೆ. ಗಂಡ, ಹತ್ತನೇ ಕ್ಲಾಸಿನ ಮಗಳು ಅನಿತಾ, ಸಂಡೇ ಸ್ಕೂಲಿನ ಮಕ್ಕಳು, ಮಂಚದಲ್ಲಿರುವ ಏಳು ಜನ ಮುದುಕರು. ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ನೀವು ನರ್ಸಾ?"

"ಅಲ್ಲ. ಚರ್ಚಿನಿಂದ ಹೋಗ್ತಿದ್ದೆ. ಪ್ರಾರ್ಥನೆ ಮಾಡೋಕೆ."

ಅವಳು ಮತ್ತೆ ಪೆನ್ನು ಎತ್ತಿಕೊಂಡಳು. ಎಲ್ಲ ಹೆಸರನ್ನೂ ಬರೆದುಕೊಂಡಳು. ನಾನು ಶನಿವಾರಗಳಲ್ಲಿ ಬರೆಯುತ್ತಿದ್ದ ಪಟ್ಟಿಯೇ ಬೇರೆಯವರ ಅಕ್ಷರದಲ್ಲಿ ನನ್ನ ಕಣ್ಣ ಮುಂದೆ ತಯಾರಾಯಿತು.

ಟಿ.ಬಿ. ವಿಭಾಗದಿಂದ ಮಂಜಣ್ಣ ಎಂಬುವರು ಬೈಕಿನಲ್ಲಿ ಬಂದು ಒಂದು ಭಾನುವಾರ ಚರ್ಚಿನ ಅಂಗಳದಲ್ಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷೆ ಮಾಡಿದರು. ನಾನು ಅಲ್ಲಿರಲಿಲ್ಲ. ಪ್ರಭಾಕರ ಬಂದು ಹೇಳಿದ್ದು. ಒಂದು ಮಗುವಿನ ತೋಳಿನಲ್ಲಿ ಸೂಜಿ ಚುಚ್ಚಿದ ಜಾಗ ಊದಿತು. ಎದೆಯ ಚಿತ್ರ ತೆಗೆಸಿದರೆ ಏನೂ ಇರಲಿಲ್ಲ. ಆದರೂ ಆ ಮಗುವಿನ ತಾಯಿ ಇಡೀ ವಾರ ಊಟ ಮಾಡಲಿಲ್ಲವಂತೆ. ಆಮೇಲೆ ಸಂಡೇ ಸ್ಕೂಲಿಗೆ ಮಕ್ಕಳು ಬರುವುದೇ ನಿಂತಿತು. ಕರ್ತರ ಭೋಜನದಲ್ಲಿ ಎಲ್ಲರೂ ಸರದಿಯಂತೆ ಕುಡಿಯುತ್ತಿದ್ದ ಒಂದೇ ಬಟ್ಟಲನ್ನು ತೆಗೆದಿಟ್ಟು ಚಿಕ್ಕ ಚಿಕ್ಕ ಲೋಟಗಳನ್ನು ತಂದರು. ಯಾರೂ ನನ್ನ ಹೆಸರು ಎತ್ತಲಿಲ್ಲವಂತೆ. ಎತ್ತಬೇಕಾದ ಅಗತ್ಯವೂ ಇರಲಿಲ್ಲ.

ಪಾಸ್ಟರ್ ಒಳ್ಳೆಯ ಮನುಷ್ಯ. ಯಾರ ಮನಸ್ಸನ್ನೂ ನೋಯಿಸಲಾರರು, ಅದೇ ಅವರ ಕಷ್ಟ. ಒಂದು ಸಂಜೆ ನಮ್ಮ ಗೇಟಿನ ಹೊರಗೆ ಬಂದು ನಿಂತರು. ನಾನು ಒಳಗೆ, ಜಗಲಿಯ ಮೇಲೆ.

"ಸುಗುಣಮ್ಮ, ಸ್ವಲ್ಪ ದಿನ ವಿಶ್ರಾಂತಿ ತಗೋರಿ. ಪಟ್ಟಿ ಗಿಟ್ಟಿ ಎಲ್ಲ ಬೇರೆಯವರು ನೋಡ್ಕೊಳ್ತಾರೆ. ಹೆಂಗಸರ ಕೂಟದೋರು ನಿಮ್ಮನ್ನ ಭಾಳ ನೆನೆಸ್ತಾರೆ."

"ಯಾರಾದ್ರೂ ಬರ್ತಾರೇನ್ರಿ, ಪಾಸ್ಟ್ರೇ? ಗೇಟಿನ ಹತ್ರ ನಿಂತ್ಕೊಂಡ್ರೂ ಸಾಕು."

ಅವರು ತಮ್ಮ ಚಪ್ಪಲಿ ನೋಡಿಕೊಂಡರು. "ಹೇಳ್ತೀನ್ರಿ," ಎಂದರು. ಅಲ್ಲೇ ನಿಂತು ಪ್ರಾರ್ಥನೆ ಮಾಡಿದರು. ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಗುತ್ತಿತ್ತು, ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಅವರು ಕಣ್ಣು ಬಿಟ್ಟಾಗ ನಾನು ಆಮೆನ್ ಎಂದೆ. ಮುಂದೆ ಯಾರೂ ಬರಲಿಲ್ಲ.

ಸಾರಮ್ಮನ ಮನೆಗೂ ಮಂಜಣ್ಣ ಹೋಗಿದ್ದರು. ಅವರ ಕಫದಲ್ಲೂ ಕಾಯಿಲೆ ಸಿಕ್ಕಿತು. ಅದೂ ನನ್ನ ಕಾಯಿಲೆಯ ಜಾತಿಯದೇ. ರೂತಮ್ಮನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ ಎಂದರು.

ನಾನು ಡಾಕ್ಟರ್ ಹುಡುಗಿಯನ್ನು ನೇರವಾಗಿ ಕೇಳಿದೆ. "ನನ್ನಿಂದ ಅವರಿಗೆ ಹೋಯ್ತಾ?"

"ಅವರಿಂದ ನಿಮಗೆ ಬಂದಿರಬಹುದು. ಇಬ್ರಿಗೂ ಬೇರೆ ಯಾರಿಂದಾದ್ರೂ ಬಂದಿರಬಹುದು. ಹೇಳೋಕಾಗಲ್ಲ ಅಮ್ಮ. ಅದನ್ನ ಯೋಚನೆ ಮಾಡ್ಬೇಡಿ."

ಯೋಚನೆ ಮಾಡಬೇಡ ಎಂದರೆ ನಿಲ್ಲುವ ಯೋಚನೆಯೇ ಅದು? ನನಗೆ ಕೆಮ್ಮು ಶುರುವಾದ ಮೇಲೆ ಎಷ್ಟು ಗುರುವಾರ ಆ ಮನೆಗೆ ಹೋದೆ ಎಂದು ಬೆರಳು ಮಡಚಿ ನೋಡಿದೆ. ಹನ್ನೊಂದು. ಕೊನೆಯ ಗುರುವಾರ ನಾನು ಕೆಮ್ಮುತ್ತಿದ್ದುದನ್ನು ಕಂಡು ಸಾರಮ್ಮ, ತಮಗಿಟ್ಟಿದ್ದ ಶುಂಠಿ ಕಷಾಯದಲ್ಲಿ ಅರ್ಧ ನನಗೆ ಕುಡಿಸಿದ್ದರು.

ನನ್ನ ಮಾತ್ರೆಗಳು ಹದಿನೆಂಟು ತಿಂಗಳು ನಡೆದವು. ಬೆಳಿಗ್ಗೆ ಒಂದು ಹಿಡಿ. ನುಂಗಿದ ಮೇಲೆ ಹೊಟ್ಟೆ ತೊಳಸಿ ಮಧ್ಯಾಹ್ನದವರೆಗೆ ಗೋಡೆಗೆ ಒರಗಿ ಕೂರುತ್ತಿದ್ದೆ. ಮೂರನೇ ತಿಂಗಳಿಗೆ ಮೈ ಬಣ್ಣ ತಿರುಗಿತು. ಮುಖ, ಕೈ ಎಲ್ಲ ಸುಟ್ಟ ಹೆಂಚಿನ ಹಾಗೆ ಕಪ್ಪುಗೆಂಪಾಯಿತು. ಪಾದಗಳಲ್ಲಿ ಕೆಂಡದ ಮೇಲೆ ನಿಂತಂಥ ಉರಿ. ಹೊಲಿಗೆ ಮೆಷಿನಿನ ಪೆಡಲ್ ತುಳಿಯಲು ಆಗುತ್ತಿರಲಿಲ್ಲ, ಹೊಲಿಯಲು ಬಟ್ಟೆಯೂ ಬರುತ್ತಿರಲಿಲ್ಲ. ಅನಿತಾಳ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಆದರೂ ನಾನು ಅವಳನ್ನು ನನ್ನ ಕೋಣೆಗೆ ಬಿಡುತ್ತಿರಲಿಲ್ಲ. ಅವಳು ಹಿತ್ತಲಲ್ಲಿ ನನ್ನ ಕಿಟಕಿಯ ಕೆಳಗೆ ಸ್ಟೂಲ್ ಹಾಕಿಕೊಂಡು ಪಾಠ ಓದುತ್ತಿದ್ದಳು. ಅವಳಿಗೆ ಬರುತ್ತಿದ್ದ ಪ್ರಶ್ನೆಗಳನ್ನೂ ಬರುವುದಿಲ್ಲವೆಂದು ನಟಿಸಿ ನನ್ನನ್ನು ಕೇಳುತ್ತಿದ್ದಳು. ನಾನು ಓದಿದ್ದೇ ಏಳನೇ ಕ್ಲಾಸು.

ಭಾನುವಾರಗಳು ಎಲ್ಲಕ್ಕಿಂತ ಕೆಟ್ಟವು. ಪ್ರಭಾಕರ ಚರ್ಚಿನಿಂದ ಫೋನ್ ಹಚ್ಚಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ನಾನು ಮನೆಯಲ್ಲಿ ಕಿವಿಗೆ ಒತ್ತಿಕೊಂಡು ಕೇಳುತ್ತಿದ್ದೆ. ಹಾಡು ದೂರದಲ್ಲಿ ಕೇಳಿಸುತ್ತಿತ್ತು, ಹತ್ತಿರದಲ್ಲಿ ಅವರ ಅಂಗಿಯ ಸದ್ದು. ಕಾಯಿಲೆಯವರ ಹೆಸರು ಓದುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ಮೊದಲು ನನ್ನದು ಮೊದಲನೇ ಹೆಸರಾಗಿತ್ತು. ಆಮೇಲೆ ನಡುವೆ ಬಂತು. ಐದನೇ ತಿಂಗಳಲ್ಲಿ ಒಂದು ಭಾನುವಾರ ಪಟ್ಟಿ ಮುಗಿಯಿತು, ನನ್ನ ಹೆಸರು ಬರಲಿಲ್ಲ. ಯಾರೂ ಬೇಕೆಂದು ಬಿಟ್ಟಿದ್ದಲ್ಲ. ನಾನೂ ಎಷ್ಟೋ ಜನರ ಹೆಸರನ್ನು ಹಾಗೇ ಬಿಟ್ಟಿದ್ದೆ. ಬಹಳ ದಿನ ಮಲಗಿದವರ ಹೆಸರು ಬರೆದು ಬರೆದು ಕೈಗೆ ಬೇಸರ ಬರುತ್ತದೆ. ಗುಣವಾಗಲಿಲ್ಲ, ಸಾಯಲೂ ಇಲ್ಲ, ಏನಂತ ಬರೆಯುವುದು?

ಅದಕ್ಕೂ ಮೊದಲೇ, ನನ್ನ ಮೂರನೇ ತಿಂಗಳಲ್ಲಿ, ಸಾರಮ್ಮ ತೀರಿಕೊಂಡಿದ್ದರು. ಆ ವಯಸ್ಸಿಗೆ ಆ ಮಾತ್ರೆಗಳನ್ನು ತಡೆಯಲಾಗಲಿಲ್ಲ. ಮಣ್ಣಿಗೆ ನಾನು ಹೋಗುವಂತಿರಲಿಲ್ಲ. ಪ್ರಭಾಕರ ಹೋದರು. ಬಂದವರು ಹಿತ್ತಲ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಕಾಲು ತೊಳೆದರು.

"ರೂತಮ್ಮ ಏನಂದ್ಲು?" ಎಂದು ಕೇಳಿದೆ.

"ಏನಿಲ್ಲ. ಅಳ್ತಿದ್ಲು."

"ಏನೋ ಅಂದಿದಾಳೆ. ಹೇಳ್ರಿ."

ಅವರು ಸುಳ್ಳು ಹೇಳಲು ಬರದವರು. "'ನಿಮ್ಮ ಹೆಂಡ್ತಿ ವಾರ ವಾರ ಬಂದು ಕೊಟ್ಟು ಹೋಗಿದ್ದು ಇದನ್ನೇ' ಅಂದ್ಲು. ಎಲ್ಲರ ಮುಂದೆ." ಕಾಲು ಒರೆಸಿಕೊಳ್ಳುತ್ತಾ ಹೇಳಿದರು, "ದುಃಖದಾಗೆ ಅಂದಿದ್ದು. ಮನಸ್ಸಿಗೆ ಹಚ್ಕೋಬ್ಯಾಡ."

ಅಂದಿನಿಂದ ನನಗೆ ಪ್ರಾರ್ಥನೆ ನಿಂತುಹೋಯಿತು. ಕೋಪದಿಂದ ನಿಲ್ಲಿಸಿದ್ದಲ್ಲ. ಮೊಣಕಾಲೂರಿದರೆ ಮಾತು ಬರುತ್ತಿರಲಿಲ್ಲ, ಅಷ್ಟೇ. ದೇವರೇ, ನಿನಗೆ ನನ್ನಿಂದ ಏನಾದರೂ ಉಪಯೋಗ ಆಗಲಿ ಎಂದು ಕೇಳಿದ್ದೆ, ನೀನು ನನ್ನಿಂದ ಮಾಡಿಸಿದ್ದು ಇದೇನು? ಈ ಒಂದು ಪ್ರಶ್ನೆ ಮಿಕ್ಕ ಮಾತಿಗೆಲ್ಲ ಅಡ್ಡ ನಿಂತಿತ್ತು. ಅದನ್ನು ಕೇಳದೆ ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. ಅದನ್ನು ಕೇಳಲು ಧೈರ್ಯವಿರಲಿಲ್ಲ.

ಆರನೇ ತಿಂಗಳಲ್ಲಿ ನಾನು ಮಾತ್ರೆ ನುಂಗುವುದನ್ನು ಬಿಟ್ಟೆ. ಸಾಯಬೇಕೆಂದು ಸ್ಪಷ್ಟವಾಗಿ ನಿರ್ಧರಿಸಿದ್ದೆ ಎಂದು ಹೇಳಲಾರೆ. ಬೆಳಿಗ್ಗೆ ಅಂಗೈಯಲ್ಲಿ ಮಾತ್ರೆಗಳನ್ನು ಹಿಡಿದಾಗ, ಇದನ್ನು ನುಂಗಿ ಉಳಿಯುವಂಥದ್ದು ಏನಿದೆ ಎಂದು ಅನಿಸುತ್ತಿತ್ತು. ಪ್ರಭಾಕರ ನೋಡುತ್ತಿರುವಾಗ ಬಾಯಿಗೆ ಹಾಕಿಕೊಂಡು, ನೀರು ಕುಡಿದಂತೆ ಮಾಡಿ, ಅವರು ಆಚೆ ಹೋದ ಮೇಲೆ ಉಗುಳುತ್ತಿದ್ದೆ. ಮಾತ್ರೆಗಳನ್ನು ಒಸಡಿನ ಪಕ್ಕ ಕೆನ್ನೆಯೊಳಗೆ ಒತ್ತಿಕೊಂಡರೆ ಮಾತಾಡಿದರೂ ತಿಳಿಯುವುದಿಲ್ಲ. ಒಂಬತ್ತು ದಿನ ಹೀಗೆ ನಡೆಯಿತು. ನಡುಮನೆಯಲ್ಲಿದ್ದ ಮೆಷಿನಿನ ಎಣ್ಣೆ ಡಬ್ಬಿ ಹುಡುಕುತ್ತಾ ಅದರ ಡ್ರಾ ಎಳೆದ ಅನಿತಾ, ದಾರದ ಉಂಡೆಗಳ ನಡುವೆ ಆ ಒದ್ದೆ ಮಾತ್ರೆಗಳನ್ನು ಕಂಡಳು.

ಅವಳು ಕೂಗಾಡಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಮೊದಲ ಸಲ ನನ್ನ ಕೋಣೆಯ ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಕೂತಳು. ಹೊರಗೆ ಹೋಗೆಂದು ಎಷ್ಟು ಹೇಳಿದರೂ ಏಳಲಿಲ್ಲ.

"ನೀನು ನುಂಗೋ ತನಕ ನಾನು ಇಲ್ಲೇ ಇರ್ತೀನಿ. ನಂಗೂ ಬರ್ಲಿ," ಎಂದಳು.

ಅಂದು ನಾನು ನುಂಗಿದೆ. ದೇವರ ಮೇಲಿನ ಭರವಸೆಯಿಂದ ನುಂಗಿದ್ದಲ್ಲ. ಅವಳು ಎದ್ದು ಹೊರಗೆ ಹೋಗಲಿ ಎಂದು ನುಂಗಿದೆ. ಮರುದಿನವೂ ಅವಳು ಬಂದಳು. ತಿಂಗಳುಗಟ್ಟಲೆ ದಿನವೂ ಬಂದಳು. ಶಿವಮೊಗ್ಗದಲ್ಲಿ ಎಲ್ಲವನ್ನೂ ಒಪ್ಪಿಕೊಂಡಾಗ, ಡಾಕ್ಟರ್ ಹುಡುಗಿ ಒಂದು ಮಾತ್ರೆಯನ್ನು ತೆಗೆದುಹಾಕಿದಳು. ಕೆಲವರಿಗೆ ಅದೇ ಮನಸ್ಸನ್ನು ಕತ್ತಲೆ ಮಾಡುತ್ತದೆ ಎಂದಳು. ನನ್ನ ಕತ್ತಲೆಯಲ್ಲಿ ಮಾತ್ರೆಯ ಪಾಲು ಎಷ್ಟು, ಸಾರಮ್ಮನ ಪಾಲು ಎಷ್ಟು, ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಗುಣವಾಯಿತು. ಕಾಗದದ ಮೇಲೆ ಹಾಗೆಂದು ಬರೆದುಕೊಟ್ಟರು. ಪಾದದ ಉರಿ ಮಾತ್ರ ಪೂರ್ತಿ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲವಂತೆ.

ಹಿಂದಿರುಗಿ ಚರ್ಚಿಗೆ ಹೋದ ದಿನ ಎಲ್ಲರೂ ಒಳ್ಳೆಯ ಮಾತನಾಡಿದರು. "ಕರ್ತರು ದೊಡ್ಡೋರು, ನಿಮ್ಮನ್ನ ನಮಗೆ ಉಳಿಸಿಕೊಟ್ರು," ಎಂದರು. ನಾನು ಕೊನೆಯ ಬೆಂಚಿನಲ್ಲಿ ಕೂತೆ. ಆ ಬೆಂಚಿಗೆ ಬೇರೆ ಯಾರೂ ಬರಲಿಲ್ಲ. ಸಂಡೇ ಸ್ಕೂಲನ್ನು ಒಬ್ಬಳು ಹೊಸ ಟೀಚರ್ ನಡೆಸುತ್ತಿದ್ದಳು, ನನಗಿಂತ ಚೆನ್ನಾಗಿ. ಪಾಸ್ಟರ್ ನನ್ನ ಹತ್ತಿರ ಬಂದು, ಹೂವಿನ ಕುಂಡಗಳಿಗೆ ನೀರು ಹಾಕುವ ಕೆಲಸ ಮಾಡುತ್ತೀರಾ ಎಂದು ಮೆಲ್ಲಗೆ ಕೇಳಿದರು. ಆಗಲಿ ಎಂದೆ. ಅರ್ಧ ವರ್ಷ ಕುಂಡಗಳಿಗೆ ನೀರು ಹಾಕಿದೆ. ಅದೂ ಸೇವೆಯೇ, ತಿರಸ್ಕಾರದಿಂದ ಹೇಳುತ್ತಿಲ್ಲ. ಆದರೆ ಗುರುವಾರ ಬಂದರೆ ಕೈಕಾಲು ಏನು ಮಾಡಬೇಕೆಂದು ತಿಳಿಯದೆ ಮನೆಯೊಳಗೇ ಸುತ್ತುತ್ತಿದ್ದೆ.

ಆ ಹೊತ್ತಿಗೆ ಮಂಜಣ್ಣ ಸಂತೆಯಲ್ಲಿ ಸಿಕ್ಕರು. ಮಾತಿಗೆ ಮಾತು ಬಂದು, ರೂತಮ್ಮನಿಗೂ ಈಗ ಅದೇ ಕಾಯಿಲೆ ಎಂದರು. ರಕ್ತ ಕಾರಿಕೊಂಡು ಸೊರಬದ ಆಸ್ಪತ್ರೆಗೆ ಬಂದಿದ್ದಳಂತೆ. ಶಾಲೆಯ ಕೆಲಸ ಹೋಯಿತು. ಶಾಲೆಯ ಮಕ್ಕಳನ್ನೆಲ್ಲ ಪರೀಕ್ಷಿಸಿದ್ದರು, ಪುಣ್ಯಕ್ಕೆ ಯಾರಿಗೂ ಇರಲಿಲ್ಲ.

"ಒಂದು ತಿಂಗಳು ಮಾತ್ರೆ ತಗಂಡ್ಳು. ಈಗ ಬಾಗ್ಲು ತೆಗೆಯಲ್ಲ. ನಾನು ಹೋದ್ರೆ ಒಳಗಿಂದ್ಲೇ ಹೋಗು ಅಂತಾಳೆ. ನಿಮ್ಮ ಸಭೆಯೋರಲ್ವೇನ್ರಿ? ಯಾರಾದ್ರೂ ಒಂದ್ಸಲ ಹೋಗಿ ಹೇಳಿದ್ರೆ..."

ನಾನು ಈ ಮಾತನ್ನು ಪಾಸ್ಟರಿಗೆ ಮುಟ್ಟಿಸಿದೆ. ಆ ಭಾನುವಾರ ರೂತಮ್ಮನ ಹೆಸರು ಪಟ್ಟಿಯಲ್ಲಿ ಬಂತು. ಎಲ್ಲರೂ ಪ್ರಾರ್ಥಿಸಿದರು. ಮನೆಗೆ ಹೋಗುವವರು ಯಾರು ಎಂದಾಗ ಎಲ್ಲರಿಗೂ ಕೆಲಸವಿತ್ತು. ಹೆದರಿಕೆ ಏನೆಂದು ನನಗೆ ಗೊತ್ತು, ಅವರನ್ನು ದೂರುವುದಿಲ್ಲ. ನನಗೂ ಹೆದರಿಕೆಯಿತ್ತು. ಕಾಯಿಲೆಗಲ್ಲ, ಅವಳ ಬಾಯಿಗೆ.

ಪ್ರಭಾಕರ ಒಪ್ಪಲಿಲ್ಲ. "ಒಂದ್ಸಲ ಸತ್ತು ಬದುಕಿದೀಯ. ಅವಳ ಹತ್ರ ಬೈಸ್ಕೊಳ್ಳೋಕೆ ಹೋಗ್ತೀಯಾ?" ಎಂದರು. ಆದರೂ ಗುರುವಾರ ಬಸ್ ನಿಲ್ದಾಣದವರೆಗೆ ಬಿಟ್ಟರು. ಹೊಸ ಮಾಸ್ಕ್ ಕೊಟ್ಟು, "ಕಿಟಕಿ ತೆಗೆಸಿ ಕೂತ್ಕೋ," ಎಂದರು.

ರೂತಮ್ಮ ಬಾಗಿಲು ತೆಗೆದಳು, ನನ್ನನ್ನು ಕಂಡು ಅರ್ಧ ಮುಚ್ಚಿದಳು. ಕುತ್ತಿಗೆಯ ಎಲುಬುಗಳು ಎದ್ದು ಕಾಣುತ್ತಿದ್ದವು.

"ಅವ್ವನ್ನ ಕಳಿಸಿದ್ದು ಸಾಲಲಿಲ್ಲನು? ಈಗ ನಂಗೂ ಪ್ರಾರ್ಥನೆ ಮಾಡಾಕೆ ಬಂದ್ರನು?"

"ಪ್ರಾರ್ಥನೆ ಮಾಡಲ್ಲ ರೂತಮ್ಮ. ನಂಗೆ ಈಗ ಪ್ರಾರ್ಥನೆ ಬರಲ್ಲ. ಮಾತ್ರೆ ನುಂಗ್ತೀಯಾ ನೋಡೋಕೆ ಬಂದೆ."

ಅವಳು ಬಾಗಿಲು ಮುಚ್ಚಿದಳು. ನಾನು ಕಟ್ಟೆಯ ಮೇಲೆ ಕೂತೆ. ನನಗೆ ಕೂರುವುದು ಬರುತ್ತದೆಂದು ಹೇಳಿದೆನಲ್ಲ. ಮಧ್ಯಾಹ್ನದ ಬಸ್ಸಿಗೆ ಎದ್ದು ಬಂದೆ. ಮುಂದಿನ ಗುರುವಾರವೂ ಅಷ್ಟೇ. ಮೂರನೇ ಗುರುವಾರ ಮಳೆ. ಅವಳು ಬಾಗಿಲು ತೆಗೆದು, "ಜನ ಏನಂದಾರು, ಒಳಗೆ ಬರ್ರಿ," ಎಂದಳು.

ಮಾತ್ರೆಯ ಡಬ್ಬಿ ತಂದು ಎದುರಿಗಿಟ್ಟೆ. ಅವಳು ಒಂದೊಂದಾಗಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನಾನು, "ಎಡಗಡೆ ಕೆನ್ನೆಯಲ್ಲಿದೆ, ಅದನ್ನೂ ನುಂಗು," ಎಂದೆ. ಅವಳು ಬೆಚ್ಚಿ ನನ್ನನ್ನು ನೋಡಿದಳು. ನಾನೂ ಹಾಗೇ ಮಾಡುತ್ತಿದ್ದೆ ಎಂದೆ. ಅವಳು ನುಂಗಿ, ಬಾಯಿ ತೆರೆದು ತೋರಿಸಿದಳು. ಅಂದಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ ಮುಖ ನೋಡಿಕೊಂಡು ನುಂಗುವುದು, ಗುರುವಾರ ನಾನು ಹೋಗುವುದು ಎಂದಾಯಿತು. ಬೇರೆ ಮಾತಿಲ್ಲ. ನಾಲ್ಕು ತಿಂಗಳು ಹೀಗೆ ನಡೆಯಿತು.

ಹೋದ ತಿಂಗಳು ಒಂದು ಗುರುವಾರ, ಕಿಟಕಿ ಬಾಗಿಲು ಎಲ್ಲ ತೆಗೆದು, ನಾವಿಬ್ಬರೂ ಎದುರುಬದುರು ಕೂತಿದ್ದೆವು. ಮೂರು ಮಾತ್ರೆ ನುಂಗಿದವಳು ಲೋಟ ಕೆಳಗಿಟ್ಟಳು.

"ಅಕ್ಕಾ. ಅವ್ವನಿಗಿಂತ ಮೊದ್ಲು ನಂಗೇ ಕೆಮ್ಮು ಇತ್ತು."

ನಾನು ಅವಳ ಮುಖ ನೋಡಿದೆ.

"ಬರ್ತಿತ್ತು, ಹೋಗ್ತಿತ್ತು. ಅಂಗಡಿ ಔಷಧಿ ಕುಡೀತಿದ್ದೆ. ಮಂಜಣ್ಣ ಬಂದಾಗ ಡಬ್ಬಿಗೆ ಬರೀ ಉಗುಳು ಹಾಕಿ ಕೊಟ್ಟೆ. ಎದೆ ಫೋಟೊ ತೆಗೆಸಾಕೆ ಬಾ ಅಂದ್ರು, ಹೋಗ್ಲಿಲ್ಲ. ಗೊತ್ತಾದ್ರೆ ಅಡಿಗೆ ಕೆಲಸ ಹೋಗ್ತಿತ್ತಲ್ಲ." ಅವಳು ಗೋಡೆ ನೋಡುತ್ತಿದ್ದಳು. "ಮಣ್ಣಿನ ದಿನ ನಿಮ್ಮ ಹೆಸರು ಹೇಳ್ದೆ. ಏನೋ ಒಂದು ಹೇಳ್ಬೇಕಿತ್ತು. ಇಲ್ಲಾಂದ್ರೆ ನಾನು ಅವ್ವನ ಜೊತೆ ಆ ಗುಂಡಿಗೇ ಬೀಳ್ತಿದ್ದೆ."

ನನಗೆ ಕೋಪ ಬಂತು. ಇಷ್ಟು ವರ್ಷದಲ್ಲಿ ಬಂದಿರದಂಥ ಕೋಪ. ಆ ಹನ್ನೊಂದು ಗುರುವಾರಗಳು, ಡ್ರಾದೊಳಗಿನ ಒದ್ದೆ ಮಾತ್ರೆಗಳು, ಹಾಸಿಗೆಯ ಮೇಲೆ ಕೂತ ಮಗಳು, ಎಲ್ಲವೂ ಒಟ್ಟಿಗೆ ಎದೆಗೆ ಬಂದವು. ನನಗೂ ನಿನ್ನಿಂದಲೇ ಬಂದಿರಬಹುದಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡೆ. ಬಾಗಿಲವರೆಗೆ ಹೋದೆ.

ಅವಳು ತಡೆಯಲಿಲ್ಲ. ಅಳಲೂ ಇಲ್ಲ. ಉಳಿದ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದಳು. ಈ ಮನೆಗೆ ಬೇರೆ ಯಾರೂ ಬರುವವರಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಯಾರಿಂದ ಯಾರಿಗೆ ಬಂತೆಂದು ತಿಳಿಯುವುದಿಲ್ಲ. ಡಾಕ್ಟರ್ ಹೇಳಿದ್ದಷ್ಟೇ ನಿಜ. ರೂತಮ್ಮ ಹೇಳಿದ್ದರಿಂದ ನನ್ನ ಭಾರ ಇಳಿಯಲಿಲ್ಲ, ಅವಳದೂ ನನಗೆ ಸೇರಿತು. ಇದನ್ನು ಓದುವವರಲ್ಲಿ ನನ್ನಂಥವರು ಯಾರಾದರೂ ಇದ್ದರೆ, ನಿಮಗೆ ಸಮಾಧಾನ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಅಂದು ನನಗೆ ಕ್ಷಮೆ ಹುಟ್ಟಲಿಲ್ಲ, ಪ್ರಾರ್ಥನೆಯೂ ಹುಟ್ಟಲಿಲ್ಲ. ಇಂದಿಗೂ ಹುಟ್ಟಿಲ್ಲ. ಹೊಸ್ತಿಲ ಮೇಲೆ ನಿಂತು, ಬಸ್ಸಿಗೆ ಇನ್ನೂ ಹೊತ್ತಿದೆ ಎಂಬುದಷ್ಟೇ ನನಗೆ ಹೊಳೆಯಿತು.

ಹಿಂದಿರುಗಿ ಬಂದು ಚೀಲ ಕೆಳಗಿಟ್ಟು ಕೂತೆ. ಅವಳ ಲೋಟ ಬರಿದಾಗಿತ್ತು. ತುಂಬಿಸಿ ಕೊಟ್ಟೆ.

"ಇನ್ನೂ ನಾಲ್ಕು ಐತೆ," ಎಂದೆ. "ನುಂಗು."